ಕೆಂಪು ಧೂಳಿನ ಊರಿನಲ್ಲಿ ಹಳೆಯ ಕ್ರೂಸರ್: ಮನೆಯಂಗಳದಲ್ಲೇ ಆರೈಕೆ, ಮಾರ್ಪಾಡು

ನನ್ನ ಬಳಿ ಇರುವುದು 2010ರ ಬಜಾಜ್ ಅವೆಂಜರ್ 220, ಅಂದರೆ ಕಾಲು ಮುಂದಕ್ಕೆ ಚಾಚಿ ತಗ್ಗಾಗಿ ಕೂರುವ ಕ್ರೂಸರ್ ಬೈಕು. ಬಳ್ಳಾರಿಯಿಂದ ತೋರಣಗಲ್ಲಿಗೆ ಹೋಗಿಬರುವ ಸುಮಾರು 60 ಕಿಲೋಮೀಟರ್ ದಾರಿಯನ್ನು ವರ್ಷಗಳಿಂದ ಅದರ ಮೇಲೆಯೇ ಕ್ರಮಿಸುತ್ತಿದ್ದೇನೆ. ಕುಡುತಿನಿ ದಾಟುವಷ್ಟರಲ್ಲಿ ಕಬ್ಬಿಣದ ಅದಿರಿನ ಧೂಳಿಗೆ ಅಂಗಿಯ ತೋಳು ಕೆಂಪಾಗುತ್ತದೆ. ಅದೇ ಕೆಂಪು ಬೈಕಿನ ಏರ್ ಫಿಲ್ಟರ್, ಚೈನು, ಫೋರ್ಕಿನ ಸೀಲು, ಬ್ರೇಕ್ ಡ್ರಮ್ಮು ಎಲ್ಲದರೊಳಗೂ ಇಳಿಯುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಿಸಿಲು ಅದಕ್ಕೆ ಜೊತೆಯಾಗುತ್ತದೆ. ಕಂಪನಿಯ ಕೈಪಿಡಿಯಲ್ಲಿರುವ ಸರ್ವಿಸ್ ಅವಧಿಗಳು ಸಾಮಾನ್ಯ ರಸ್ತೆಗೆ ಬರೆದವು. ಅದಿರು ಲಾರಿಗಳ ಹಿಂದೆ ಓಡುವ ಬೈಕಿಗೆ ಅವು ಸಾಲುವುದಿಲ್ಲ. ಆದ್ದರಿಂದ ಇಲ್ಲಿ ಹೇಳುವ ಪ್ರತಿಯೊಂದು ಕೆಲಸವನ್ನೂ, ಪ್ರತಿಯೊಂದು ಮಾರ್ಪಾಡನ್ನೂ ನಾನು ಎರಡೇ ಪ್ರಶ್ನೆಗಳಿಂದ ಅಳೆಯುತ್ತೇನೆ: ಇದು ಧೂಳನ್ನು ಹೊರಗಿಡುತ್ತದೆಯೇ? ಬಿಸಿಯನ್ನು ಹೊರಹೋಗಲು ಬಿಡುತ್ತದೆಯೇ?

2001ರಲ್ಲಿ ಬಂದ ಎಲಿಮಿನೇಟರ್, ಯಮಹಾ ಎಂಟೈಸರ್, ರಾಯಲ್ ಎನ್‌ಫೀಲ್ಡ್ ಥಂಡರ್‌ಬರ್ಡ್, 2005ರಿಂದ ಬಂದ ಅವೆಂಜರ್‌ಗಳು, ಇವುಗಳಲ್ಲಿ ಯಾವುದೇ ಇದ್ದರೂ ಮುಂದಿನ ಮಾತುಗಳು ಬಹುಮಟ್ಟಿಗೆ ಹೊಂದುತ್ತವೆ. ಅಳತೆಗಳು ಮಾತ್ರ ಬೈಕಿನಿಂದ ಬೈಕಿಗೆ ಬೇರೆ. ಕೈಪಿಡಿ ಕಳೆದಿದ್ದರೆ ಮೊದಲು ಅದರ ಪ್ರತಿಯೊಂದನ್ನು ಸಂಪಾದಿಸಿ ಮೊಬೈಲ್‌ನಲ್ಲಿಟ್ಟುಕೊಳ್ಳಿ.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಹಳೆಯ ಬೈಕ್ ಕೈಗೆ ಬಂದ ಕೂಡಲೇ ಹ್ಯಾಂಡಲ್ ಬದಲಿಸುವುದು, ದೀಪ ಜೋಡಿಸುವುದು ಬೇಡ. ಮೊದಲ ಎರಡು ತಿಂಗಳು ಬೈಕನ್ನು ಕಂಪನಿಯಿಂದ ಬಂದ ಸ್ಥಿತಿಗೆ ತನ್ನಿ. ಅದು ಸರಿಯಾಗಿ ಓಡತೊಡಗಿದ ಮೇಲೆ ಏನನ್ನು ಬದಲಿಸಬೇಕೆಂದು ನಿಮಗೇ ಗೊತ್ತಾಗುತ್ತದೆ.

ಜಾಗ ಮತ್ತು ಸಾಮಾನು

ನೆರಳಿರುವ, ಸಮತಟ್ಟಾದ, ಗಾಳಿಯಾಡುವ ಜಾಗ ಬೇಕು. ಏಪ್ರಿಲ್-ಮೇ ತಿಂಗಳಲ್ಲಿ ಬೆಳಗಿನ ಆರರಿಂದ ಎಂಟರೊಳಗೆ ಕೆಲಸ ಮುಗಿಸಿ. ಬಿಸಿಲೇರಿದ ಮೇಲೆ ಪಾನಾ ಹಿಡಿಯಲು ಆಗದಷ್ಟು ಕಾಯುತ್ತದೆ, ಟೈರಿನ ಗಾಳಿಯ ಅಳತೆಯೂ ತಪ್ಪುತ್ತದೆ. ಅಂಗಳ ಮಣ್ಣಿನದಾದರೆ ಸೈಡ್ ಸ್ಟ್ಯಾಂಡಿನ ಕೆಳಗೆ ಅಂಗೈ ಅಗಲದ ಕಲ್ಲಿನ ಚೂರು ಇಡಿ. ಕ್ರೂಸರ್ ಭಾರವಾದ ಬೈಕು. ಸಿರುಗುಪ್ಪದ ಕಡೆಯ ಎರೆಮಣ್ಣಿನಲ್ಲಿ ಮಳೆ ಬಿದ್ದ ಮೇಲೆ ಸ್ಟ್ಯಾಂಡ್ ನಿಧಾನವಾಗಿ ಹೂತು, ಬೈಕ್ ಉರುಳಿದ್ದನ್ನು ಕಂಡಿದ್ದೇನೆ.

8ರಿಂದ 17ರವರೆಗಿನ ಪಾನಾಗಳು, ಪ್ಲಗ್ ಸ್ಪ್ಯಾನರ್, ಅಲೆನ್ ಕೀಗಳು, ಟೈರ್ ಗೇಜ್, ಸಾದಾ ಮಲ್ಟಿಮೀಟರ್, ಒಂದೆರಡು ಹಳೆಯ ಹಲ್ಲುಜ್ಜುವ ಬ್ರಷ್ಷು, ಆಯಿಲ್ ಹಿಡಿಯಲು ಅಗಲವಾದ ಟ್ರೇ. ಸಾಧ್ಯವಾದರೆ ಬೋಲ್ಟನ್ನು ಅಳತೆಗೆ ತಕ್ಕಷ್ಟೇ ಬಿಗಿಯಲು ನೆರವಾಗುವ ಟಾರ್ಕ್ ರೆಂಚ್ ಒಂದನ್ನು ಕೊಳ್ಳಿ, ಅಥವಾ ನಾಲ್ವರು ಸೇರಿ ಕೊಳ್ಳಿ. ಅಲ್ಯೂಮಿನಿಯಂ ಎಂಜಿನ್ನಿಗೆ ಉಕ್ಕಿನ ಬೋಲ್ಟನ್ನು ಅಂದಾಜಿನ ಮೇಲೆ ಬಿಗಿದರೆ ತೂತಿನೊಳಗಿನ ತಿರುಪಿನ ಸುತ್ತುಗಳೇ ಕಿತ್ತುಬರುತ್ತವೆ, ಆಮೇಲೆ ಲೇತ್ ಅಂಗಡಿಗೆ ಹೋಗದೆ ವಿಧಿಯಿಲ್ಲ.

ಬಟ್ಟೆಯ ವಿಷಯವನ್ನು ಬಳ್ಳಾರಿಯವರಿಗೆ ವಿಶೇಷವಾಗಿ ಹೇಳಬೇಕು. ನಮ್ಮ ಊರಿನಲ್ಲಿ ಜೀನ್ಸ್ ಹೊಲಿಯುವ ಘಟಕಗಳು ಬೇಕಾದಷ್ಟಿವೆ, ತುಂಡು ಬಟ್ಟೆ ಸುಲಭವಾಗಿ ಸಿಗುತ್ತದೆ. ನೆಲ ಒರೆಸಲು, ಕೈ ಒರೆಸಲು, ಚೈನು ಹಿಡಿಯಲು ಅದು ಒಳ್ಳೆಯದೇ. ಟ್ಯಾಂಕಿನ ಮೇಲೆ ಮಾತ್ರ ಆ ಒರಟು ನೇಯ್ಗೆ ತಾಕಬಾರದು. ಬಣ್ಣಕ್ಕೆ ಹಳೆಯ ಬನಿಯನ್ ಅಥವಾ ಮೈಕ್ರೊಫೈಬರ್ ಬಟ್ಟೆ ಸಾಕು.

ತೊಳೆಯುವುದು

ಒಣಬಟ್ಟೆಯಿಂದ ಧೂಳು ಒರೆಸುವ ಅಭ್ಯಾಸವನ್ನು ಇಂದೇ ಬಿಟ್ಟುಬಿಡಿ. ಸಂಡೂರು ಬೆಟ್ಟಗಳ ಅದಿರು ಹೆಮಟೈಟ್, ಅಂದರೆ ಕಬ್ಬಿಣದ ಆಕ್ಸೈಡ್. ಇದೇ ವಸ್ತುವನ್ನು ನಯವಾಗಿ ಅರೆದು ಚಿನ್ನ ಬೆಳ್ಳಿಗೆ ಹೊಳಪು ಕೊಡಲು ಬಳಸುತ್ತಾರೆ. ನಯವಾದ ಪುಡಿ ಹೊಳಪು ಕೊಟ್ಟರೆ, ರಸ್ತೆಯ ತರಿತರಿ ಪುಡಿ ಗೀರುತ್ತದೆ. ದಿನವೂ ಆಫೀಸಿನ ಮುಂದೆ ಟ್ಯಾಂಕ್ ಒರೆಸಿಕೊಂಡವರ ಬೈಕನ್ನು ಬಿಸಿಲಿಗೆ ಹಿಡಿದು ನೋಡಿ, ಜೇಡರ ಬಲೆಯಂಥ ಗೀರುಗಳು ಕಾಣುತ್ತವೆ.

ಎಂಜಿನ್ ಪೂರ್ತಿ ಆರಿದ ಮೇಲೆ, ನೆರಳಿನಲ್ಲಿ, ಮೊದಲು ಬರೀ ನೀರು ಸುರಿದು ಧೂಳನ್ನು ಇಳಿಸಿ. ಸೈಲೆನ್ಸರ್ ಬಾಯಿಗೆ ಪ್ಲಾಸ್ಟಿಕ್ ಕಟ್ಟಿರಿ. ಆಮೇಲೆ ವಾಹನದ ಶಾಂಪೂ ಬೆರೆಸಿದ ನೀರಿನಲ್ಲಿ ಮೇಲಿನಿಂದ ಕೆಳಕ್ಕೆ ತೊಳೆಯಿರಿ; ಬಟ್ಟೆಯನ್ನು ಜಾಲಿಸಲು ಬೇರೆಯೇ ಬಕೆಟ್ ಇರಲಿ. ಒತ್ತಡದ ನೀರನ್ನು ಚಕ್ರದ ಬೇರಿಂಗ್, ಸ್ವಿಚ್, ಚೈನಿನ ಮೇಲೆ ನೇರವಾಗಿ ಹಾಯಿಸಬೇಡಿ.

ಬೋರ್‌ವೆಲ್‌ನ ಗಡಸು ನೀರು ಆರಿದರೆ ಕ್ರೋಮ್ ಮೇಲೆ ಬಿಳಿ ಕಲೆ ಉಳಿಯುತ್ತದೆ. ಕಡೆಯ ಬಕೆಟ್ ಮಾತ್ರ ನಲ್ಲಿ ನೀರು ಅಥವಾ ಹಿಡಿದಿಟ್ಟ ಮಳೆನೀರು ಇರಲಿ, ತಕ್ಷಣ ಒರೆಸಿ. ಕಲೆ ಆಗಲೇ ಕೂತಿದ್ದರೆ ಅರ್ಧಕ್ಕರ್ಧ ನೀರು ಬೆರೆಸಿದ ವಿನೆಗರ್‌ನಲ್ಲಿ ಬಟ್ಟೆ ಅದ್ದಿ ಒರೆಸಿ, ಕೂಡಲೇ ನೀರಿನಿಂದ ತೊಳೆಯಿರಿ. ಬಣ್ಣಕ್ಕೂ ಅಲ್ಯೂಮಿನಿಯಂಗೂ ತಾಕಿಸಬೇಡಿ. ಕ್ರೋಮ್ ಮೇಲಿನ ತೆಳು ತುಕ್ಕಿಗೆ ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ಸಾಕು. ಉಂಡೆ ಮಾಡಿ, ನೀರಲ್ಲಿ ಅದ್ದಿ, ಹಗುರವಾಗಿ ಉಜ್ಜಿ. ಅಲ್ಯೂಮಿನಿಯಂ ಕ್ರೋಮ್‌ಗಿಂತ ಮೆದುವಾದ್ದರಿಂದ ಗೀರು ಬೀಳುವುದಿಲ್ಲ. ಆಮೇಲೆ ಮೇಣ ಹಚ್ಚಿ.

ಏರ್ ಫಿಲ್ಟರ್: ಇಲ್ಲಿ ಸೋತರೆ ಎಂಜಿನ್ ಸೋತಂತೆ

ಇದೊಂದು ಕೆಲಸಕ್ಕೆ ನಾನು ಉಳಿದೆಲ್ಲಕ್ಕಿಂತ ಹೆಚ್ಚು ಸಮಯ ಕೊಡುತ್ತೇನೆ. ಫಿಲ್ಟರ್ ದಾಟಿದ ಅದಿರಿನ ಪುಡಿ ಸಿಲಿಂಡರ್ ಗೋಡೆಯ ಎಣ್ಣೆಗೆ ಅಂಟಿ, ಪಿಸ್ಟನ್ ರಿಂಗಿನ ಜೊತೆ ಮೇಲೆ ಕೆಳಗೆ ಉಜ್ಜುತ್ತದೆ. ಮೊದಲು ಎಂಜಿನ್ ಎಣ್ಣೆ ತಿನ್ನುತ್ತದೆ, ಆಮೇಲೆ ನೀಲಿ ಹೊಗೆ, ಕಡೆಗೆ ಸಿಲಿಂಡರ್ ಕೊರೆಸಿ ಬೋರ್ ಮಾಡಿಸುವ ಖರ್ಚು. ನನ್ನ ಬೈಕನ್ನು ಕೊಂಡಾಗ ಫಿಲ್ಟರ್ ಡಬ್ಬಿಯ ರಬ್ಬರ್ ಅಂಚು ಒಂದು ಕಡೆ ಮಡಚಿಕೊಂಡಿತ್ತು. ಒಳಗಿನ ಫಿಲ್ಟರ್ ಹೊಸದೇ. ಆದರೂ ಅಂಚಿನ ಸಂದಿಯಿಂದ ಧೂಳು ನೇರವಾಗಿ ಒಳಗೆ ಹೋಗಿ, ಒಂದೇ ವರ್ಷದಲ್ಲಿ ರಿಂಗ್ ಬದಲಿಸಬೇಕಾಯಿತು. ಆ ನೋವಿನಿಂದ ಕಲಿತ ಕ್ರಮವನ್ನು ಹೇಳುತ್ತೇನೆ.

ಡಬ್ಬಿ ಬಿಚ್ಚುವ ಮೊದಲು ಅದರ ಸುತ್ತಲಿನ ಧೂಳನ್ನು ಒದ್ದೆ ಬಟ್ಟೆಯಿಂದ ತೆಗೆಯಿರಿ. ಇಲ್ಲದಿದ್ದರೆ ಮುಚ್ಚಳ ತೆಗೆಯುವಾಗ ಅದೇ ಒಳಗೆ ಬೀಳುತ್ತದೆ. ಫಿಲ್ಟರ್ ಹೊರತೆಗೆದು, ಕಾರ್ಬೊರೇಟರ್ (ಗಾಳಿ, ಪೆಟ್ರೋಲ್ ಬೆರೆಸುವ ಭಾಗ) ಕಡೆಯ ರಬ್ಬರ್ ಕೊಳವೆಯ ಒಳಭಾಗವನ್ನು ಬಿಳಿ ಬಟ್ಟೆ ಸುತ್ತಿದ ಬೆರಳಿನಿಂದ ಒರೆಸಿ ನೋಡಿ. ಬಟ್ಟೆ ಕೆಂಪಾದರೆ ಎಲ್ಲೋ ಸಂದಿ ಇದೆ, ಅದನ್ನು ಹುಡುಕಿ ಮುಚ್ಚದೆ ಗಾಡಿ ಓಡಿಸಬೇಡಿ. ಕಾಗದದ ಫಿಲ್ಟರ್ ಆದರೆ ತೊಳೆಯಬಾರದು. ಮೆಲ್ಲಗೆ ತಟ್ಟಿ, ಗಾಳಿಯನ್ನು ಶುದ್ಧವಾದ ಬದಿಯಿಂದ ಕೊಳೆಯಾದ ಬದಿಗೆ ಕಡಿಮೆ ಒತ್ತಡದಲ್ಲಿ ಹಾಯಿಸಿ. ಎರಡು ಬಾರಿ ಹೀಗೆ ಮಾಡಿದ ಮೇಲೆ ಹೊಸದು ಹಾಕಿ. ಸ್ಪಂಜಿನದಾದರೆ ಸೋಪಿನ ನೀರಿನಲ್ಲಿ ಹಿಂಡಿ ತೊಳೆದು, ನೆರಳಿನಲ್ಲಿ ಒಣಗಿಸಿ, ಸ್ವಲ್ಪ ಎಣ್ಣೆ ಹಾಕಿ ಪೂರ್ತಿ ಹಿಂಡಿ ಕೂರಿಸಿ. ತಿರುಚಿ ಹಿಂಡಿದರೆ ಹರಿಯುತ್ತದೆ. ಡಬ್ಬಿಯ ಅಂಚಿಗೆ ತೆಳುವಾಗಿ ಗ್ರೀಸ್ ಸವರಿ ಮುಚ್ಚಿದರೆ ಉಳಿದ ಧೂಳು ಅದಕ್ಕೇ ಅಂಟುತ್ತದೆ. ಕೈಪಿಡಿ ಹೇಳಿದ ಅವಧಿಯ ಅರ್ಧಕ್ಕೇ ಈ ಕೆಲಸ ಮಾಡಿ. ರಾಯಚೂರಿನಲ್ಲಿ ಶಕ್ತಿನಗರದ ದಾರಿಯಲ್ಲಿ ಓಡಾಡುವವರಿಗೆ ಹಾರುಬೂದಿ, ಕೊಪ್ಪಳದ ಗಿಣಿಗೇರಾ ಕಡೆಯವರಿಗೆ ಕಾರ್ಖಾನೆಗಳ ಕಪ್ಪು ಮಸಿ. ಬಣ್ಣ ಬೇರೆಯಾದರೂ ಅವರಿಗೂ ಇದೇ ಲೆಕ್ಕ.

ಶಂಕುವಿನಾಕಾರದ ತೆರೆದ ಫಿಲ್ಟರ್ ಹಾಕಿಸಿದರೆ ಗಾಡಿ ಚುರುಕಾಗುತ್ತದೆ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಡಬ್ಬಿಯ ರಕ್ಷಣೆ ಹೋಗುತ್ತದೆ, ಕಾರ್ಬೊರೇಟರ್‌ನಲ್ಲಿ ಗಾಳಿ ಹೆಚ್ಚಾಗಿ ಪೆಟ್ರೋಲ್ ಕಡಿಮೆಯಾಗುತ್ತದೆ, ಎಂಜಿನ್ ಇನ್ನಷ್ಟು ಕಾಯುತ್ತದೆ. ನಮ್ಮ ಬಿಸಿಲಿಗೆ ಅದು ತಕ್ಕುದಲ್ಲ.

ಎಣ್ಣೆ, ಪ್ಲಗ್, ಪೆಟ್ರೋಲ್

ಎಂಜಿನ್ನನ್ನು ಐದು ನಿಮಿಷ ಓಡಿಸಿ, ಎಣ್ಣೆ ಬೆಚ್ಚಗಾದಾಗ ಕೆಳಗಿನ ಡ್ರೈನ್ ಬೋಲ್ಟ್ ಬಿಚ್ಚಿ. ಪೂರ್ತಿ ಇಳಿಯಲು ಹದಿನೈದು ನಿಮಿಷ ಬಿಡಿ. ಬೋಲ್ಟಿನ ವಾಷರ್ ಪ್ರತಿ ಬಾರಿಯೂ ಹೊಸದಿರಲಿ, ಫಿಲ್ಟರನ್ನೂ ಬದಲಿಸಿ. ಅವೆಂಜರ್ 220ಕ್ಕೆ 20ಡಬ್ಲ್ಯೂ50, ಯೂನಿಟ್ ಕನ್‌ಸ್ಟ್ರಕ್ಷನ್ (ಎಂಜಿನ್, ಗೇರ್‌ಬಾಕ್ಸ್ ಒಂದೇ ಕವಚದಲ್ಲಿರುವ) ಎಂಜಿನ್ನಿನ ಥಂಡರ್‌ಬರ್ಡ್‌ಗೆ 15ಡಬ್ಲ್ಯೂ50 ಎಣ್ಣೆ. ಡಬ್ಬಿಯ ಮೇಲೆ ಜಾಸೊ ಎಂಎ ಎಂಬ ಗುರುತು ಇರಲೇಬೇಕು. ಈ ಬೈಕುಗಳಲ್ಲಿ ಕ್ಲಚ್ ಪ್ಲೇಟುಗಳು ಎಂಜಿನ್ ಎಣ್ಣೆಯಲ್ಲೇ ಮುಳುಗಿರುತ್ತವೆ. ಕಾರಿನ ಎಣ್ಣೆ ಹಾಕಿದರೆ ಕ್ಲಚ್ ಜಾರುವ ಸಂಭವವಿದೆ. ಎಣ್ಣೆ ತುಂಬಿಸಿ, ಎರಡು ನಿಮಿಷ ಓಡಿಸಿ, ನಿಲ್ಲಿಸಿ, ಮೂರು ನಿಮಿಷದ ನಂತರ ಬೈಕನ್ನು ನೆಟ್ಟಗೆ ಹಿಡಿದು ಮಟ್ಟ ನೋಡಿ. ಹಳೆಯ ಎಣ್ಣೆಯನ್ನು ಚರಂಡಿಗೆ ಸುರಿಯಬೇಡಿ. ಡಬ್ಬಿಯಲ್ಲಿ ತುಂಬಿ ಗ್ಯಾರೇಜಿಗೆ ಕೊಡಿ, ಅವರ ಪೀಪಾಯಿಗೆ ಸೇರುತ್ತದೆ. ಅವೆಂಜರ್ 220ರಂತೆ ಮುಂದೆ ಆಯಿಲ್ ಕೂಲರ್ ಇದ್ದರೆ ಅದರ ತೆಳು ರೆಕ್ಕೆಗಳ ನಡುವೆ ಕೂತ ಕೆಸರನ್ನು ಮೆತ್ತನೆ ಬ್ರಷ್ಷಿನಿಂದ ತೆಗೆಯಿರಿ. ಸಿಲಿಂಡರ್ ಮೇಲಿನ ರೆಕ್ಕೆಗಳಿಗೂ ಅಷ್ಟೇ. ಕೆಸರಿನ ಕವಚ ತೊಟ್ಟ ಎಂಜಿನ್ನಿಗೆ ಗಾಳಿ ತಾಕುವುದಿಲ್ಲ.

ಅವೆಂಜರ್‌ನಲ್ಲಿ ಪ್ಲಗ್ ಎರಡು. ಕೈಗೆ ಸುಲಭವಾಗಿ ಸಿಗುವುದನ್ನು ಮಾತ್ರ ಬದಲಿಸಿ, ಇನ್ನೊಂದನ್ನು ವರ್ಷಗಟ್ಟಲೆ ಹಾಗೇ ಬಿಟ್ಟ ಬೈಕುಗಳೇ ಹೆಚ್ಚು. ಎರಡನ್ನೂ ಒಟ್ಟಿಗೆ ಬದಲಿಸಿ. ಬಿಚ್ಚಿದ ಪ್ಲಗ್ಗಿನ ತುದಿ ಬಿಸ್ಕತ್ತಿನ ಬಣ್ಣದ್ದಾಗಿದ್ದರೆ ಎಲ್ಲವೂ ಸರಿ. ಒಣ ಕಪ್ಪು ಮಸಿ ಇದ್ದರೆ ಪೆಟ್ರೋಲ್ ಹೆಚ್ಚು ಅಥವಾ ಫಿಲ್ಟರ್ ಕಟ್ಟಿದೆ. ಸುಣ್ಣದಂತೆ ಬಿಳಿಯಾಗಿದ್ದರೆ ಗಾಳಿ ಹೆಚ್ಚಾಗಿ ಎಂಜಿನ್ ಅತಿಯಾಗಿ ಕಾಯುತ್ತಿದೆ. ಒದ್ದೆ ಎಣ್ಣೆ ಕಂಡರೆ ರಿಂಗ್ ಅಥವಾ ವಾಲ್ವ್ ಸೀಲ್ ಕಡೆ ಗಮನ ಕೊಡಿ.

ಈಗ ಬಂಕ್‌ಗಳಲ್ಲಿ ಸಿಗುವ ಪೆಟ್ರೋಲ್‌ನಲ್ಲಿ ಶೇ 20ರವರೆಗೆ ಎಥನಾಲ್ ಇರುತ್ತದೆ. ಹಳೆಯ ಬೈಕಿನ ರಬ್ಬರ್ ಕೊಳವೆ, ಓ-ರಿಂಗ್‌ಗಳನ್ನು ಈ ಮಿಶ್ರಣಕ್ಕಾಗಿ ಮಾಡಿರಲಿಲ್ಲ. ಕೊಳವೆಯನ್ನು ಬೆರಳಿನಿಂದ ಮಡಚಿ ನೋಡಿ. ಬಿರುಕು ಬಿಟ್ಟಿದ್ದರೆ, ಉಬ್ಬಿ ಮೆತ್ತಗಾಗಿದ್ದರೆ ಎಥನಾಲ್ ತಾಳುವ ಹೊಸ ಕೊಳವೆ ಹಾಕಿ. ಎಥನಾಲ್ ಗಾಳಿಯ ತೇವವನ್ನು ಹೀರುವುದರಿಂದ ತಿಂಗಳುಗಟ್ಟಲೆ ನಿಂತ ಬೈಕಿನಲ್ಲಿ ನೀರು ತಳಕ್ಕೆ ಇಳಿದು ಟ್ಯಾಂಕಿಗೆ ತುಕ್ಕು ಹಿಡಿಯುತ್ತದೆ. ಗಾಡಿ ನಿಲ್ಲಿಸುವುದಾದರೆ ಪೆಟ್ರೋಲ್ ಕಾಕ್ ಮುಚ್ಚಿ, ಕಾರ್ಬೊರೇಟರ್ ತಳದ ಸ್ಕ್ರೂ ಸಡಿಲಿಸಿ ಅಲ್ಲಿರುವ ಪೆಟ್ರೋಲ್ ಇಳಿಸಿಬಿಡಿ. ಬೇಸಿಗೆಯಲ್ಲಿ ಟ್ಯಾಂಕನ್ನು ಕಂಠಮಟ್ಟ ತುಂಬಿಸಿ ಬಿಸಿಲಿನಲ್ಲಿ ನಿಲ್ಲಿಸಬೇಡಿ.

ಚೈನು

ಎಣ್ಣೆ ಸುರಿದಷ್ಟೂ ಚೈನಿಗೆ ಒಳ್ಳೆಯದೆಂಬ ನಂಬಿಕೆ ನಮ್ಮ ಕಡೆ ಬಹಳ. ಮೇಲೆ ಉಳಿದ ಎಣ್ಣೆಗೆ ಅದಿರಿನ ಪುಡಿ ಸೇರಿದರೆ ಅದು ಅರೆಯುವ ಲೇಪವಾಗುತ್ತದೆ, ಸ್ಪ್ರಾಕೆಟ್ಟಿನ ಹಲ್ಲು ಕೊಕ್ಕೆಯಂತೆ ಬಾಗುತ್ತದೆ. ಎಂಜಿನ್ ಬಂದ್ ಮಾಡಿ, ನ್ಯೂಟ್ರಲ್‌ನಲ್ಲಿಟ್ಟು, ಹಿಂದಿನ ಚಕ್ರವನ್ನು ಎತ್ತಿ ಕೈಯಿಂದಲೇ ತಿರುಗಿಸಿ. ಗೇರಿಗೆ ಹಾಕಿ ಓಡುವ ಚೈನಿಗೆ ಬಟ್ಟೆ ಹಿಡಿದು ಬೆರಳು ಕಳೆದುಕೊಂಡವರಿದ್ದಾರೆ. ಈ ಒಂದು ತಪ್ಪನ್ನು ಯಾವ ಆತುರದಲ್ಲೂ ಮಾಡಬೇಡಿ. ಡೀಸೆಲ್ ಅಥವಾ ಸೀಮೆಎಣ್ಣೆಯಲ್ಲಿ ಅದ್ದಿದ ಮೆತ್ತನೆ ಬ್ರಷ್ಷಿನಿಂದ ಉಜ್ಜಿ, ಒರೆಸಿ, ಒಣಗಿಸಿ. ಪೆಟ್ರೋಲ್ ಮತ್ತು ತಂತಿಯ ಬ್ರಷ್ ಓ-ರಿಂಗ್ ಚೈನನ್ನು ಕೆಡಿಸುತ್ತವೆ. 90ರ ಗೇರ್ ಆಯಿಲ್ ಅಥವಾ ಚೈನ್ ಸ್ಪ್ರೇಯನ್ನು ಒಳಬದಿಗೆ ತೆಳುವಾಗಿ ಹಾಕಿ, ಅರ್ಧ ಗಂಟೆ ಬಿಟ್ಟು, ಹೊರಗೆ ಉಳಿದದ್ದನ್ನೆಲ್ಲ ಒರೆಸಿಬಿಡಿ. ಮುಟ್ಟಿದರೆ ಬೆರಳಿಗೆ ಹೆಚ್ಚು ಅಂಟಬಾರದು.

ಸಡಿಲ ಎಷ್ಟಿರಬೇಕೆಂಬುದು ಕೈಪಿಡಿಯಲ್ಲಿದೆ. ಚಕ್ರ ತಿರುಗಿಸುತ್ತಾ ನಾಲ್ಕೈದು ಕಡೆ ಅಳೆದು, ಅತಿ ಬಿಗಿಯಾದ ಜಾಗದಲ್ಲಿ ಹೊಂದಿಸಿ. ಹಿಂದಿನ ಆಕ್ಸಲ್ಲಿನ ಎರಡೂ ಬದಿಯ ಗುರುತುಗಳು ಒಂದೇ ಗೆರೆಯಲ್ಲಿರಲಿ. ಬದಲಿಸುವಾಗ ಚೈನು, ಎರಡು ಸ್ಪ್ರಾಕೆಟ್ ಮೂರನ್ನೂ ಒಟ್ಟಿಗೆ ಬದಲಿಸಿ.

ಬ್ರೇಕು, ಟೈರು, ಬ್ಯಾಟರಿ

ಹಿಂದಿನ ಡ್ರಮ್ ಬಿಚ್ಚಿದಾಗ ಪುಡಿಯನ್ನು ಬಾಯಿಂದ ಊದಬೇಡಿ. ಹಳೆಯ ಬ್ರೇಕ್ ಶೂಗಳಲ್ಲಿ ಶ್ವಾಸಕೋಶಕ್ಕೆ ಕೆಡುಕಾದ ಆಸ್ಬೆಸ್ಟಾಸ್ ಇರಬಹುದು. ಒದ್ದೆ ಬಟ್ಟೆಯಿಂದ ಒರೆಸಿ. ಮುಂದಿನ ಡಿಸ್ಕಿಗೆ ಮುಚ್ಚಳದ ಮೇಲೆ ಬರೆದ ದರ್ಜೆಯ ಬ್ರೇಕ್ ದ್ರವವನ್ನೇ ಹಾಕಿ, ಎರಡು ವರ್ಷಕ್ಕೊಮ್ಮೆ ಬದಲಿಸಿ. ಟ್ಯಾಂಕಿನ ಮೇಲೆ ಬಿದ್ದರೆ ಅದು ಬಣ್ಣವನ್ನೇ ತಿನ್ನುತ್ತದೆ, ಕೂಡಲೇ ನೀರು ಹಾಕಿ. ಬ್ರೇಕಿನ ಕೆಲಸ ಮೊದಲ ಸಲವಾದರೆ ಬಲ್ಲ ಮೇಸ್ತ್ರಿಯನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಮಾಡಿ.

ಟೈರಿನ ಬದಿಯಲ್ಲಿರುವ ನಾಲ್ಕು ಅಂಕಿಗಳನ್ನು ಓದಲು ಕಲಿಯಿರಿ. 2318 ಎಂದಿದ್ದರೆ 2018ರ 23ನೇ ವಾರದಲ್ಲಿ ತಯಾರಾದದ್ದು. ಹಲ್ಲು ಉಳಿದಿದ್ದರೂ ಬಿಸಿಲಿಗೆ ಒಣಗಿ ಬಿರುಕು ಬಿಟ್ಟ ಟೈರ್ ಬೇಡ. ಅವೆಂಜರ್ 220ರ ಹಿಂದಿನ ಟೈರ್ 130/90-15. ಪ್ರತಿ ಅಂಗಡಿಯಲ್ಲೂ ಸಿಗುವುದಿಲ್ಲ, ಸವೆಯುವ ಮೊದಲೇ ಹೇಳಿ ತರಿಸಿ. ಕಡ್ಡಿ ಚಕ್ರವಿದ್ದರೆ ಪ್ರತಿ ಕಡ್ಡಿಯನ್ನೂ ಪಾನಾದಿಂದ ತಟ್ಟಿ. ಗಟ್ಟಿಯಾದದ್ದು ಟಿಂಗ್ ಎನ್ನುತ್ತದೆ, ಸಡಿಲವಾದದ್ದು ಮಂಕಾಗಿ ಟಪ್ ಎನ್ನುತ್ತದೆ.

ಬ್ಯಾಟರಿ ನೀರಿನದಾದರೆ ಬೇಸಿಗೆಯಲ್ಲಿ ಹದಿನೈದು ದಿನಕ್ಕೊಮ್ಮೆ ಮಟ್ಟ ನೋಡಿ, ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ. ಕುಡಿಯುವ ಕ್ಯಾನ್ ನೀರು ಅದಕ್ಕೆ ಬದಲಿಯಲ್ಲ. ಟರ್ಮಿನಲ್ ಮೇಲಿನ ಬಿಳಿ ಪುಡಿಯನ್ನು ಅಡುಗೆ ಸೋಡಾ ಬೆರೆಸಿದ ನೀರಿನಿಂದ ತೊಳೆದು, ವ್ಯಾಸಲಿನ್ ಸವರಿ. ಬಿಚ್ಚುವಾಗ ನೆಗೆಟಿವ್ ಮೊದಲು, ಜೋಡಿಸುವಾಗ ಕಡೆಗೆ. ಎಂಜಿನ್ ಓಡುವಾಗ ಬ್ಯಾಟರಿಗೆ ಮಲ್ಟಿಮೀಟರ್ ಹಿಡಿದರೆ ಸುಮಾರು 13.5ರಿಂದ 14.5 ವೋಲ್ಟ್ ಬರಬೇಕು.

ಈಗ ಮಾರ್ಪಾಡು

ಯಾವ ಮಾರ್ಪಾಡಾದರೂ ಬಿಚ್ಚಿ ಹಿಂದಿನಂತೆ ಮಾಡಲು ಬರಬೇಕು. ಚಾಸಿ ಕತ್ತರಿಸುವುದು, ವೆಲ್ಡ್ ಮಾಡುವುದು ಬೇಡವೇ ಬೇಡ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರುವ ವಿವರಗಳು ತಯಾರಕರ ಮೂಲ ವಿವರಕ್ಕಿಂತ ಭಿನ್ನವಾಗುವಂತೆ ವಾಹನವನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿದಿದೆ. ಬಣ್ಣ ಬದಲಿಸುವುದಾದರೆ ಆರ್‌ಟಿಒ ಕಚೇರಿಯಲ್ಲಿ ಆರ್‌ಸಿ ತಿದ್ದುಪಡಿ ಮಾಡಿಸಬೇಕು. ಸದ್ದು ಮಾಡುವ ಸೈಲೆನ್ಸರ್ ಬಗ್ಗೆ ನನಗೆ ಎರಡು ಮಾತಿಲ್ಲ. ಅದು ದಂಡಕ್ಕೆ ದಾರಿ, ರಾತ್ರಿಪಾಳಿ ಮುಗಿಸಿ ಮಲಗಿದ ನೆರೆಯವರಿಗೆ ಹಿಂಸೆ.

ನಮ್ಮ ಕಡೆಗೆ ನಿಜಕ್ಕೂ ಹೊಂದುವ ಮೊದಲ ಮಾರ್ಪಾಡು ಫೋರ್ಕಿನ ರಬ್ಬರ್ ಬೂಟು. ಮುಂದಿನ ಫೋರ್ಕಿನ ಹೊಳೆಯುವ ಕೊಳವೆಯ ಮೇಲೆ ಧೂಳು ಕೂತು, ಪ್ರತಿ ಗುಂಡಿಗೂ ಸೀಲಿನ ತುಟಿಯನ್ನು ಕೊರೆಯುತ್ತದೆ. ಮಡಿಕೆ ಮಡಿಕೆಯಾದ ಈ ಬೂಟು ಹಾಕಿದ ಮೇಲೆ ನನ್ನ ಬೈಕಿನ ಸೀಲು ಮತ್ತೆ ಸೋರಿಲ್ಲ. ನೋಡಲೂ ಹಳೆಯ ಕಾಲದ ಗಾಂಭೀರ್ಯ ಬರುತ್ತದೆ. ಹಾಕಲು ಮುಂದಿನ ಚಕ್ರ ಮತ್ತು ಫೋರ್ಕ್ ಇಳಿಸಬೇಕಾಗುತ್ತದೆ, ಆದ್ದರಿಂದ ಸೀಲ್ ಬದಲಿಸುವ ದಿನವೇ ಈ ಕೆಲಸವನ್ನೂ ಸೇರಿಸಿಕೊಳ್ಳಿ. ಕೆಳಗಿನ ಗಾಳಿರಂಧ್ರ ಹಿಂದಕ್ಕೆ ತಿರುಗಿರಲಿ.

ಎರಡನೆಯದು ಸೀಟು. ಕ್ರೂಸರಿನಲ್ಲಿ ಕಾಲು ಮುಂದಿರುವುದರಿಂದ ದೇಹದ ಭಾರವೆಲ್ಲ ಬೆನ್ನಿನ ಬುಡದ ಮೇಲೆ ಬೀಳುತ್ತದೆ. ಕುಶನ್ ಅಂಗಡಿಯಲ್ಲಿ ಮೆತ್ತನೆಯ ಸ್ಪಂಜು ಕೇಳಬೇಡಿ. ಹತ್ತು ನಿಮಿಷಕ್ಕೆ ಹಿತ, ಒಂದು ಗಂಟೆಗೆ ನೋವು. ಕೆಳಗೆ ಗಟ್ಟಿ ಪದರ, ಮೇಲೆ ತೆಳು ಮೆತ್ತನೆಯ ಪದರ ಹಾಕಿಸಿ, ಹಿಂಬದಿಯನ್ನು ಎರಡು ಬೆರಳಿನಷ್ಟು ಎತ್ತರಿಸಿದರೆ ಸೊಂಟಕ್ಕೆ ಆಸರೆ ಸಿಗುತ್ತದೆ. ಹೊದಿಕೆಗೆ ಕಪ್ಪು ರೆಕ್ಸಿನ್ ಬಿಟ್ಟು ಕಂದು ಅಥವಾ ಮಣ್ಣಿನ ಬಣ್ಣ ಆರಿಸಿ. ಮೇ ತಿಂಗಳ ಮಧ್ಯಾಹ್ನ ನಿಲ್ಲಿಸಿದ ಗಾಡಿಯ ಮೇಲೆ ಕೂರುವಾಗ ಈ ವ್ಯತ್ಯಾಸ ಗೊತ್ತಾಗುತ್ತದೆ, ಕೆಂಪು ಧೂಳೂ ಅದರಲ್ಲಿ ಕಾಣುವುದಿಲ್ಲ. ಹೊಲಿಗೆಯನ್ನು ಕೂರುವ ಜಾಗದಲ್ಲಿ ಬರದಂತೆ ಬದಿಗೆ ಹಾಕಿಸಿ. ಹೊಲಿಗೆಯ ತೂತಿನಿಂದ ಮಳೆನೀರು ಸ್ಪಂಜಿಗೆ ಇಳಿಯುತ್ತದೆ.

ಹ್ಯಾಂಡಲ್ ಬದಲಿಸುವುದಾದರೆ ಅಂದಕ್ಕಿಂತ ಕೇಬಲ್ಲಿನ ಉದ್ದ ಮುಖ್ಯ. ಜೋಡಿಸಿದ ಮೇಲೆ ಎಂಜಿನ್ ಓಡುತ್ತಿರುವಾಗ ಹ್ಯಾಂಡಲನ್ನು ಎಡದ ಕೊನೆಗೂ ಬಲದ ಕೊನೆಗೂ ತಿರುಗಿಸಿ. ಎಂಜಿನ್ನಿನ ಸದ್ದು ಏರಿದರೆ ಆಕ್ಸಿಲರೇಟರ್ ಕೇಬಲ್ ಎಳೆಯುತ್ತಿದೆ ಎಂದರ್ಥ. ಹಾಗೆಯೇ ರಸ್ತೆಗಿಳಿದರೆ ತಿರುವಿನಲ್ಲಿ ಗಾಡಿ ತಾನಾಗಿ ನುಗ್ಗುತ್ತದೆ. ಬ್ರೇಕಿನ ಹೋಸು ಕೂಡ ಬಿಗಿಯಾಗಬಾರದು.

ದೀಪದ ಆಸೆ ಎಲ್ಲರಿಗೂ ಇರುತ್ತದೆ. 55 ವ್ಯಾಟಿನ ಎರಡು ಹ್ಯಾಲೊಜೆನ್ ದೀಪ ಎಂದರೆ 110 ವ್ಯಾಟ್, 12 ವೋಲ್ಟಿನಲ್ಲಿ ಒಂಬತ್ತು ಆಂಪಿಯರ್‌ಗೂ ಹೆಚ್ಚು. ಹಳೆಯ ಬೈಕಿನ ಚಾರ್ಜಿಂಗ್ ಅದನ್ನು ಹೊರಲಾರದು, ತಂತಿ ಕಾದು ಕರಗುತ್ತದೆ. ಮೂಲ ದೀಪದ ಒಳಗನ್ನಡಿ ಮಂಕಾಗಿದ್ದರೆ ಅದನ್ನು ಬದಲಿಸಿ, ಹೆಡ್‌ಲೈಟಿನ ಕನೆಕ್ಟರ್‌ಗಳನ್ನು ಉಜ್ಜಿ ಸ್ವಚ್ಛ ಮಾಡಿ. ಅಷ್ಟಕ್ಕೇ ಬೆಳಕು ಎಷ್ಟು ಹೆಚ್ಚುತ್ತದೆಂದು ನೋಡಿ ಮುಂದಿನದನ್ನು ಯೋಚಿಸಿ.

ಬದಿಯ ಚೀಲಗಳಿಗೆ ಕಬ್ಬಿಣದ ಆಧಾರ ಇರಲೇಬೇಕು, ಇಲ್ಲದಿದ್ದರೆ ಅವು ಸೈಲೆನ್ಸರಿಗೋ ಚಕ್ರಕ್ಕೋ ತಾಕುತ್ತವೆ. ಇಂಡಿಕೇಟರ್ ಮುಚ್ಚಬಾರದು. ಮುಂದಿನ ಮಡ್‌ಗಾರ್ಡಿನ ತುದಿಗೆ ರಬ್ಬರಿನ ಅಗಲ ಪಟ್ಟಿಯೊಂದನ್ನು ಸೇರಿಸಿದರೆ ಎಂಜಿನ್ನಿಗೆ ಸಿಡಿಯುವ ಕೆಸರು ಬಹಳ ಕಡಿಮೆಯಾಗುತ್ತದೆ. ಇಡೀ ಬೈಕಿನಲ್ಲಿ ಅತಿ ಅಗ್ಗದ, ಅತಿ ಉಪಯುಕ್ತ ಮಾರ್ಪಾಡು ನನ್ನ ಪಾಲಿಗೆ ಇದೇ.

ಹದಿನೈದು ವರ್ಷ ತುಂಬಿದಾಗ

ನೋಂದಣಿ ಮುಗಿಯುವ 60 ದಿನ ಮೊದಲಿನಿಂದ ನಮೂನೆ 25ರಲ್ಲಿ ನವೀಕರಣಕ್ಕೆ ಅರ್ಜಿ ಹಾಕಬಹುದು. ನವೀಕರಣ ಐದು ವರ್ಷಕ್ಕೆ. ನನ್ನ ಕೆಎ-34 ಬೈಕನ್ನು 2025ರಲ್ಲಿ ತಪಾಸಣೆಗೆ ಒಯ್ಯುವ ಮುನ್ನ ಚಾಸಿ ಸಂಖ್ಯೆಯ ಮೇಲಿನ ಮಣ್ಣು ತೊಳೆದು ಓದಲು ಬರುವಂತೆ ಮಾಡಿದೆ. ಎಚ್‌ಎಸ್‌ಆರ್‌ಪಿ ಫಲಕ, ಹಾರ್ನ್, ಬ್ರೇಕ್ ದೀಪ, ಎರಡೂ ಕನ್ನಡಿ, ವಿಮೆ, ಹೊಗೆ ತಪಾಸಣೆ ಪತ್ರ ಎಲ್ಲವನ್ನೂ ಹಿಂದಿನ ರಾತ್ರಿಯೇ ಜೋಡಿಸಿಟ್ಟೆ. ಬಿಚ್ಚಿದ ಮೂಲ ಭಾಗಗಳನ್ನು ಗುಜರಿಗೆ ಹಾಕಬಾರದು ಎನ್ನುವುದು ಇದಕ್ಕಾಗಿಯೇ. ನನ್ನ ಹಳೆಯ ಹ್ಯಾಂಡಲ್ ಅಟ್ಟದ ಮೇಲಿತ್ತು, ಆ ದಿನಕ್ಕೆ ಮತ್ತೆ ಗಾಡಿ ಏರಿತು.

ಕೆಲಸವೆಲ್ಲ ಮುಗಿದ ಮೇಲೆ ಒಂದು ಬೆಳಿಗ್ಗೆ ಸಂಡೂರಿನ ಕಡೆಗೋ ಕಂಪ್ಲಿಯ ಗದ್ದೆಗಳ ಕಡೆಗೋ ನಿಧಾನವಾಗಿ ಹೋಗಿ. ಜೇಬಿನಲ್ಲಿ 10, 12, 14ರ ಪಾನಾ ಇರಲಿ. ಇಪ್ಪತ್ತು ಕಿಲೋಮೀಟರ್ ಆದಾಗ ಮರದ ನೆರಳಿನಲ್ಲಿ ನಿಲ್ಲಿಸಿ, ಹ್ಯಾಂಡಲ್ ಕ್ಲ್ಯಾಂಪ್, ಆಕ್ಸಲ್ ನಟ್ಟು, ಸೀಟಿನ ಬೋಲ್ಟು, ಚೀಲದ ಆಧಾರ ಒಂದೊಂದನ್ನೂ ಮುಟ್ಟಿ ನೋಡಿ. ಡ್ರೈನ್ ಬೋಲ್ಟಿನ ಕೆಳಗೆ ಬೆರಳು ಸವರಿ. ಬೆರಳು ಒಣಗಿದ್ದರೆ ಮುಂದಕ್ಕೆ ಹೊರಡಿ.